ಹೆಸರಿನ ಮೊದಲಕ್ಷರ

ನಮ್ಮೂರು ಹಲಬರ್ಗಾ. ಬೀದರಿನಿಂದ ಭಾಲ್ಕಿಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರೆ, ಭಾಲ್ಕಿ ಬರುವುದಕ್ಕೆ ಮುಂಚೆ ಒಂದು ಹಳದಿ ಫಲಕ ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಕಪ್ಪು ಬಣ್ಣದಲ್ಲಿ, ಮೂರು ಲಿಪಿಗಳಲ್ಲಿ, ನಮ್ಮೂರ ಹೆಸರು ಬರೆದಿದೆ. ಬಹುಮಂದಿ ಪ್ರಯಾಣಿಕರು ಅದನ್ನು ನೋಡುವುದಿಲ್ಲ. ನೋಡಿದವರು ಓದುವಷ್ಟರಲ್ಲಿ ರೈಲು ಹೊರಟುಬಿಡುತ್ತದೆ.

ಹೆಸರು ಕೇಳಿದವರ ಕಥೆಯೂ ಹೀಗೆಯೇ. ನೆಂಟರ ಮದುವೆಗೆಂದು ಬೆಂಗಳೂರಿಗೆ ಹೋದಾಗ ಯಾವ ಊರೆಂದು ಕೇಳಿದವರಿಗೆಲ್ಲ "ಹಲಬರ್ಗಾ" ಎಂದು ಹೇಳಿದರೆ, ಹತ್ತರಲ್ಲಿ ಎಂಟು ಜನ "ಓಹೋ, ಗುಲಬರ್ಗವೋ! ಅಲ್ಲಿ ಬಿಸಿಲು ಬಹಳವಂತೆ" ಎಂದು ಕನಿಕರ ತೋರಿದರು. ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬಂದ ನಮ್ಮ ಅಧ್ಯಾಪಕರಲ್ಲಿಯೂ ಒಬ್ಬಿಬ್ಬರು ಹಾಜರಿ ಪುಸ್ತಕ ಹಿಡಿದು ಇದೇ ಕನಿಕರ ತೋರಿದ್ದುಂಟು. (ಅವರ ಹೆಸರು ಹೇಳುವುದಿಲ್ಲ, ಪರೀಕ್ಷೆ ಇನ್ನೂ ಮುಗಿದಿಲ್ಲ.) ಮೊದಮೊದಲು ನಾನು ತಿದ್ದುತ್ತಿದ್ದೆ. ಬರಬರುತ್ತ ಬೇಸರವಾಗಿ ಆ ಬಿಸಿಲನ್ನೂ ಆ ಕನಿಕರವನ್ನೂ ಸುಮ್ಮನೆ ಸ್ವೀಕರಿಸತೊಡಗಿದೆ. ಎಷ್ಟಾದರೂ ಒಂದೇ ಅಕ್ಷರದ ಅಂತರ! ಗು-ಲ-ಬ-ರ್ಗಾ, ಹ-ಲ-ಬ-ರ್ಗಾ. ಮೊದಲಕ್ಷರವೊಂದನ್ನು ಬಿಟ್ಟರೆ ಉಳಿದುದೆಲ್ಲ ಸರಿಸಮಾನ. ಆ ಮೊದಲಕ್ಷರದ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ಹೋದ ವರ್ಷ, ನಮ್ಮ ಮನೆಯ ತೊಗರಿ ಬೇಳೆಯ ದೆಸೆಯಿಂದ.

ಅದಕ್ಕೆ ಬೀಜ ಬಿದ್ದದ್ದು ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ. ಒಂದು ದಿನ ಅಧ್ಯಾಪಕರು ಕರಿಹಲಗೆಯ ಮೇಲೆ ಹತ್ತು ಚುಕ್ಕೆಗಳನ್ನು ಇಟ್ಟು, "ಇವುಗಳಲ್ಲಿ ಯಾವುದನ್ನು ಕೊಳ್ಳುತ್ತೀರಿ?" ಎಂದು ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಳಿಕ ಅವರು ನಾಲ್ಕನೆಯ ಚುಕ್ಕೆಯ ಸುತ್ತ ಒಂದು ಬಳೆ ಬರೆದು, "ಈಗ?" ಎಂದರು. ಎಲ್ಲರ ಕಣ್ಣೂ ನಾಲ್ಕನೆಯದರ ಮೇಲೆಯೇ ನೆಟ್ಟಿತ್ತು. ಚುಕ್ಕೆ ಬದಲಾಗಿರಲಿಲ್ಲ, ಬಳೆಯೊಂದು ಬಂದಿತ್ತು. ವ್ಯಾಪಾರದಲ್ಲಿ ಹೆಸರು, ಚಿತ್ರ, ಬಣ್ಣ, ಜಾಹೀರಾತು ಎನ್ನುವುದೆಲ್ಲ ಈ ಬಳೆಯ ಬಗೆಗಳೇ ಎಂದು ಅವರು ವಿವರಿಸಿದರು. ಆ ಗಂಟೆಯಲ್ಲಿ ನನಗೆ ನಿದ್ರೆ ಬರಲಿಲ್ಲವೆಂದರೆ ಅವರ ಪಾಠ ಎಷ್ಟು ಸ್ವಾರಸ್ಯವಾಗಿತ್ತೆಂದು ಸಹಪಾಠಿಗಳು ಊಹಿಸಬಹುದು.

ಬಳೆ ಎಂದೊಡನೆ ನನಗೆ ನೆನಪಾದದ್ದು ನಮ್ಮ ಆಯಿಯ ಪೆಟ್ಟಿಗೆ. ಆಯಿಗೆ ಅಕ್ಷರ ಬಾರದು. ಆದರೂ ಅಂಗಡಿಗೆ ಹೋಗಿ ತನಗೆ ಬೇಕಾದ ಸಾಬೂನನ್ನು ಅವಳು ಒಮ್ಮೆಯೂ ತಪ್ಪಾಗಿ ತಂದವಳಲ್ಲ. "ಆನಿ ಸೊಂಡಿಲಿಂದು ಕೊಡು" ಎನ್ನುವಳು. ಅದು ಮೈಸೂರು ಸ್ಯಾಂಡಲ್ ಸಾಬೂನು. ಅದರ ಖಾಲಿ ಡಬ್ಬಿಗಳನ್ನು ಅವಳು ಎಸೆಯದೆ, ಪೆಟ್ಟಿಗೆಯಲ್ಲಿ ಮದುವೆಯ ಸೀರೆಯ ಮಡಿಕೆಗಳ ನಡುವೆ ಇಡುತ್ತಾಳೆ. ಪೆಟ್ಟಿಗೆ ತೆರೆದರೆ ಗಂಧದ ವಾಸನೆ ಮನೆಯೆಲ್ಲ ಹರಡುತ್ತದೆ.

ಆ ಸಾಬೂನಿನ ಕಥೆಯನ್ನು ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಗಂಧದ ಕೊರಡು ಯೂರೋಪಿಗೆ ಹೋಗುವುದು ನಿಂತುಹೋಯಿತು. ಕೊರಡು ಉಳಿಯಿತು, ಕೊಳ್ಳುವವರಿಲ್ಲ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಎಣ್ಣೆಯನ್ನು ಇಲ್ಲಿಯೇ ತೆಗೆದು ಅದರಿಂದ ಸಾಬೂನು ಮಾಡುವ ಉದ್ಯಮ ಹುಟ್ಟಿತು. ಅದರ ಮೂಲ 1916ಕ್ಕೆ ಹೋಗುತ್ತದೆ. ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದನ್ನು ಮಾಡಿದ್ದು ಮಾತ್ರವಲ್ಲ, ಅದಕ್ಕೆ ರೂಪವನ್ನೂ ಕೊಟ್ಟರು. ಬೇರೆ ಸಾಬೂನುಗಳು ಇಟ್ಟಿಗೆಯಂತೆ ಚೌಕವಾಗಿದ್ದರೆ ಇದು ಮೊಟ್ಟೆಯಂತೆ ದುಂಡು. ಡಬ್ಬಿಯೋ ಒಡವೆ ಇಡುವ ಡಬ್ಬಿಯಂತೆ. ಅದರ ಮೇಲೆ ಶರಭ: ಸಿಂಹದ ಮೈ, ಆನೆಯ ತಲೆ. ಕರಾಚಿಯಲ್ಲಿ ಒಂಟೆಗಳ ಮೇಲೆ ಈ ಸಾಬೂನಿನ ಮೆರವಣಿಗೆ ಹೊರಡಿಸಿ ಪ್ರಚಾರ ಮಾಡಿದರಂತೆ. ಆ ಕಾಲಕ್ಕೆ ನಮ್ಮ ಬೀದರು ನಿಜಾಮರ ಸೀಮೆಯಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹೀಗೆ ಪರರಾಜ್ಯದ ಶರಭವೊಂದು ಓದುಬಾರದ ನಮ್ಮ ಆಯಿಯ ಪೆಟ್ಟಿಗೆಯವರೆಗೆ ನಡೆದು ಬಂದದ್ದು ನನಗೆ ದೊಡ್ಡ ಸೋಜಿಗವಾಗಿ ಕಂಡಿತು.

ಇನ್ನು ನಮ್ಮ ತೊಗರಿಯ ವಿಚಾರ. ಅದಕ್ಕೆ ಶರಭವೂ ಇಲ್ಲ, ಡಬ್ಬಿಯೂ ಇಲ್ಲ. ಮೃಗಶಿರದ ಮಳೆಗೆ ಬಿತ್ತುತ್ತೇವೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ ಉಂಡು ಅಂಬಲಿ ಕುಡಿದು ಬರುವ ಹೊತ್ತಿಗೆ ಕಾಯಿ ಒಣಗುತ್ತ ಬಂದಿರುತ್ತದೆ. ರಾಶಿಯಾದ ಮೇಲೆ ಅಪ್ಪ ಗೋಣಿಚೀಲಗಳನ್ನು ಟಂಟಂನಲ್ಲಿ ಹೇರಿಕೊಂಡು ಅಡತಿ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಚೀಲಕ್ಕೆ ಕೊಕ್ಕೆ ಚುಚ್ಚಿ ಕಾಳು ಎಳೆದು, ಅಂಗೈಯಲ್ಲಿ ಉರುಳಿಸಿ, ದರ ಕೂಗುತ್ತಾರೆ. ಆ ಕ್ಷಣದಿಂದ ಅದು ನಮ್ಮ ತೊಗರಿಯಲ್ಲ; ಯಾರದೂ ಅಲ್ಲ; ಬರಿಯ ತೊಗರಿ. ಕೆಲವು ತಿಂಗಳಾದ ಮೇಲೆ ಅದೇ ತೊಗರಿ, ಅಥವಾ ಅದರ ದಾಯಾದಿ, ಬೇಳೆಯಾಗಿ ಹೊಳೆಯುವ ಪ್ಯಾಕೆಟ್ಟಿನಲ್ಲಿ ಹೊಸ ಹೆಸರಿಟ್ಟುಕೊಂಡು ನಮ್ಮೂರ ಕಿರಾಣಿ ಅಂಗಡಿಗೇ ಬರುತ್ತದೆ. 2024-25ರಲ್ಲಿ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ನಮ್ಮದು ಅದರ ಆಸುಪಾಸಿನಲ್ಲಿ ಹೋಯಿತು. ಕ್ವಿಂಟಲು ತೊಗರಿಗೆ ಎಪ್ಪತ್ತು ಎಪ್ಪತ್ತೆರಡು ಕಿಲೋ ಬೇಳೆ ಬರುತ್ತದೆಂದು ಹಿಡಿದರೂ ಕಿಲೋಕ್ಕೆ ನೂರೈದು ರೂಪಾಯಿ ಬೀಳಬೇಕು. ಪ್ಯಾಕೆಟ್ಟಿನ ಮೇಲೆ ಇದ್ದದ್ದು 170. ಬಿಡಿಸುವ ಕೂಲಿ, ಸಾಗಾಟ, ಅಂಗಡಿಯವನ ಲಾಭ ಎಲ್ಲ ಕಳೆದರೂ ಏನೋ ಒಂದಿಷ್ಟು ಉಳಿಯುತ್ತದೆ. ಅದು ಹೆಸರಿಗೆ ಸಂದ ಕೂಲಿ ಎಂದು ನಾನು ಲೆಕ್ಕ ಹಾಕಿದೆ. ಅಪ್ಪನಿಗೂ ಹೇಳಿದೆ. ಅಪ್ಪ, "ಲೆಕ್ಕ ಛಲೋ ಅದ. ಹೊಲಕ್ಕ ಬಾ" ಎಂದ.

ಕಿವಿಗೊಟ್ಟವಳು ಅವ್ವ. ಅವ್ವ ಮತ್ತು ಓಣಿಯ ಹನ್ನೊಂದು ಮಂದಿ ಹೆಂಗಸರದು ಒಂದು ಸ್ವಸಹಾಯ ಸಂಘ ಉಂಟು. ಉಳಿತಾಯ, ಸಣ್ಣ ಸಾಲ, ಒಮ್ಮೊಮ್ಮೆ ಜಗಳ, ಇವು ಅದರ ಕಾರ್ಯಕಲಾಪಗಳು. ಆ ವರ್ಷ ಎಲ್ಲರೂ ಸೇರಿ ಒಂದೆರಡು ಚೀಲ ತೊಗರಿಯನ್ನು ಮಾರದೆ ಹಿಡಿದಿಟ್ಟು ತಾವೇ ಬೇಳೆ ಮಾಡುವುದೆಂದು ನಿಶ್ಚಯವಾಯಿತು. ಬೇಳೆ ಮಾಡುವುದು ಪೇಟೆಯವರು ತಿಳಿದಷ್ಟು ಸುಲಭವಲ್ಲ. ತೊಗರಿಯ ಸಿಪ್ಪೆ ಹಟಮಾರಿ. ಕಾಳಿಗೆ ಅಂಟಿಕೊಂಡು ಕೂತಿರುತ್ತದೆ. ರಾತ್ರಿಯೆಲ್ಲ ನೆನೆಯಿಟ್ಟು, ಬೀದರಿನ ಕಡೆಯ ಕೆಮ್ಮಣ್ಣನ್ನು ಕಲಸಿ ಕಾಳಿಗೆಲ್ಲ ಹಚ್ಚಿ, ಗುಂಪೆ ಹಾಕಿ, ಮೂರು ನಾಲ್ಕು ದಿನ ಬಿಸಿಲಿಗೆ ಒಣಗಿಸಬೇಕು. ಮಣ್ಣು ಒಣಗುತ್ತ ಸಿಪ್ಪೆಯನ್ನು ಸಡಿಲ ಮಾಡುತ್ತದೆ. ಆಮೇಲೆ ಜರಡಿ ಹಿಡಿದು ಮಣ್ಣು ತೆಗೆದು ಬೀಸುಕಲ್ಲಿಗೆ ಹಾಕಿದರೆ ಕಾಳು ಎರಡು ಹೋಳಾಗಿ ಬೀಳುತ್ತದೆ. ಹೀಗೆ ಮಾಡಿದ ಬೇಳೆ ಬೇಗ ಬೇಯುತ್ತದೆ, ರುಚಿಯೂ ಹೆಚ್ಚೆಂದು ನಮ್ಮ ಕಡೆಯ ಹಿರಿಯರ ಮಾತು. ನಾನು ಅದೇ ಅನ್ನ ಉಂಡು ಬೆಳೆದವನಾದ್ದರಿಂದ ನನ್ನ ಸಾಕ್ಷಿಯನ್ನು ಪಕ್ಷಪಾತವೆಂದು ಬಿಟ್ಟುಬಿಡಬಹುದು.

ಎಂಬತ್ತು ಕಿಲೋ ಬೇಳೆಯಾಯಿತು. ಅದಕ್ಕೆ ಚೀಟಿ ಬರೆಸುವ ಕೆಲಸ ಕಾಲೇಜಿಗೆ ಹೋಗುವ ನನ್ನ ಪಾಲಿಗೆ ಬಂತು. ಬಳೆ ಬರೆಯುವ ಭಾಗ್ಯ!

ಭಾಲ್ಕಿಯಲ್ಲಿ ಒಂದು ಮುದ್ರಣದ ಅಂಗಡಿಗೆ ಹೋದೆ. ನಾನು ಬರೆದುಕೊಂಡು ಹೋಗಿದ್ದ ಹೆಸರನ್ನು ನೋಡಿ ಅಂಗಡಿಯಾತ ನಕ್ಕ. "ತಮ್ಮಾ, ಹಲಬರ್ಗಾ ಬ್ಯಾಳಿ ಅಂದ್ರ ಯಾರು ತೊಗೋತಾರ? 'ಹ' ತೆಗಿ, 'ಗು' ಹಚ್ಚು. ಉಳದಿದ್ದೆಲ್ಲ ಹಂಗೇ ಅದ."

ತಮಾಷೆಗೆ ಹೇಳಿದ ಮಾತು. ಆದರೆ ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಗುಲಬರ್ಗಾದ ತೊಗರಿ ಬೇಳೆ ಎಂದರೆ ದೇಶಕ್ಕೆ ಗೊತ್ತು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂದಿದೆ. ಎಂದರೆ ಆ ಹೆಸರು ಆ ನೆಲದವರ ಸ್ವತ್ತು. ಒಂದು ವಿನೋದವನ್ನು ಇಲ್ಲಿ ಹೇಳಬೇಕು: ಊರಿನ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ ಎಂದಾಗಿದ್ದರೂ ಬೇಳೆಯ ಹೆಸರು ಮಾತ್ರ ಗುಲಬರ್ಗಾ ಎಂದೇ ನಿಂತಿತು. ಊರು ಹೆಸರು ಬದಲಿಸಿದರೂ ಸರಕು ತನ್ನ ಹೆಸರನ್ನು ಬಿಟ್ಟುಕೊಡಲಿಲ್ಲ. ಗಿರಾಕಿಯ ನಾಲಿಗೆಯ ಮೇಲೆ ಕೂತ ಹೆಸರಿಗೆ ಅಷ್ಟು ಬೆಲೆ.

ನಾನು ನೇರವಾಗಿ ಸುಳ್ಳು ಬರೆಸಲಿಲ್ಲ. ಅಷ್ಟು ಧೈರ್ಯ ನನಗೆಲ್ಲಿಯದು? ಮೇಲೆ ದೊಡ್ಡಕ್ಷರದಲ್ಲಿ "ಗುಲಬರ್ಗಾ". ಅದರ ಕೆಳಗೆ ಸಾಸಿವೆಯಷ್ಟು ಸಣ್ಣಕ್ಷರದಲ್ಲಿ "ಮಾದರಿಯ". ಮತ್ತೆ ದೊಡ್ಡಕ್ಷರದಲ್ಲಿ "ತೊಗರಿ ಬೇಳೆ". ಐದುನೂರು ಚೀಟಿಗಳು, ದಪ್ಪ ಕಾಗದ, ಸಂಘದ ಹಣ ಸಾವಿರದ ಐದುನೂರು ರೂಪಾಯಿ.

ಅವ್ವನಿಗೆ ಅಕ್ಷರ ಕೂಡಿಸಿಕೊಂಡು ಓದಲು ಬರುತ್ತದೆ. ಚೀಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಊರ ಹೆಸರು ತಪ್ಪು ಬಿದ್ದದಲ್ಲೋ" ಎಂದಳು. ಮುದ್ರಣದ ತಪ್ಪೆಂದೇ ಅವಳು ತಿಳಿದಿದ್ದಳು. "ಇದು ಊರ ಹೆಸರಲ್ಲವ್ವಾ, ವ್ಯಾಪಾರದ ಹೆಸರು" ಎಂದೆ. ಓದಿದ ಮಗ ಹೇಳಿದನೆಂದು ಸುಮ್ಮನಾದಳು. ಆ ಸುಮ್ಮನಾದದ್ದು ನನಗೆ ಈಗಲೂ ನೆನಪಿದೆ.

ಬೀದರಿನಲ್ಲಿ ಸ್ವಸಹಾಯ ಸಂಘಗಳ ಮಾರಾಟ ಮೇಳ ನಡೆದಾಗ ನಮಗೊಂದು ಮಳಿಗೆ ಸಿಕ್ಕಿತು. ಬಲಗಡೆ ಉಪ್ಪಿನಕಾಯಿಯವರು, ಎಡಗಡೆ ಬಿದರಿ ಸಾಮಾನಿನ ಒಬ್ಬ ವಯಸ್ಸಾದ ಕುಶಲಕರ್ಮಿ. ನಮ್ಮ ಬೇಳೆ ಚೆನ್ನಾಗಿಯೇ ಹೋಗತೊಡಗಿತು. "ಗುಲಬರ್ಗಾ ಬೇಳೆ ಅದ, ತೊಗೋ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಕೊಂಡರು. ಮಧ್ಯಾಹ್ನದೊಳಗೆ ಮೂವತ್ತೈದು ಪ್ಯಾಕೆಟ್ಟು! ನಾನು ಮನಸ್ಸಿನಲ್ಲಿಯೇ ಶಾಸ್ತ್ರಿಗಳ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕುಳಿತಿದ್ದೆ.

ಬಿದರಿಯವರ ಮಳಿಗೆಯಲ್ಲಿ ಮಾತ್ರ ವ್ಯಾಪಾರ ನಿಧಾನ. ಬಂದವರು ಬೆಲೆ ಕೇಳಿ ಹಿಂಜರಿಯುವರು. ಅವರಾದರೋ ಬೇಸರವಿಲ್ಲದೆ ಪ್ರತಿಯೊಬ್ಬರಿಗೂ ಹೂಜಿಯನ್ನು ಬೋರಲು ಮಾಡಿ ತೋರಿಸಿ ಹೇಳುತ್ತಿದ್ದರು. ಸತುವು ಹದಿನಾರು ಪಾಲು, ತಾಮ್ರ ಒಂದು ಪಾಲು, ಇವೆರಡನ್ನು ಕರಗಿಸಿ ಎರಕ ಹೊಯ್ಯುವುದು. ಮೈಲುತುತ್ತ ಬಳಿದು ಕಪ್ಪು ಮಾಡಿ ಅದರ ಮೇಲೆ ಚಿತ್ತಾರ ಕೊರೆಯುವುದು. ಕೊರೆದ ಗೆರೆಗೆ ಬೆಳ್ಳಿಯ ತಂತಿ ಬಡಿದು ಕೂಡಿಸುವುದು. ಕಡೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಾಯಿಸಿ ಪಾತ್ರೆಗೆ ಹಚ್ಚುವುದು. ಆಗ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಸರಿ ಎಂಬುದನ್ನು ನಾಲಿಗೆಗೆ ಮುಟ್ಟಿಸಿ ಗುರುತಿಸುವ ರೂಢಿ ಅವರಲ್ಲಿ ಉಂಟು. ಈ ಕಪ್ಪಿನ ಕೀರ್ತಿ 1851ರಷ್ಟು ಹಿಂದೆಯೇ ಲಂಡನ್ನಿನ ಮಹಾಪ್ರದರ್ಶನಕ್ಕೆ ಹೋಗಿತ್ತು. 2011ರಲ್ಲಿ ದಿಲ್ಲಿಯ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನಮ್ಮ ರಾಜ್ಯದ ಸ್ತಬ್ಧಚಿತ್ರವೂ ಇದೇ ಆಗಿತ್ತು. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಸರಕಿಗೆ ಊರಿನ ಹೆಸರೇ ಹೆಸರಾಗುವುದು ದೊಡ್ಡ ಅದೃಷ್ಟವೆಂದು ನಾನು ಅವರಿಗೆ ಹೇಳಿದೆ. ಅವರು ನಕ್ಕು, ಹೆಸರು ಓಡಿಹೋಗುತ್ತದೆ, ಹಿಡಿದಿಡುವುದು ಕಷ್ಟ ಎಂಬ ಅರ್ಥದ ಮಾತನ್ನು ದಖನಿ ಬೆರೆತ ಕನ್ನಡದಲ್ಲಿ ಆಡಿದರು. ಬಿದರಿ ಎಂಬ ಹೆಸರು ಹಿಂದೆ ಲಖನೌಗೂ ಬಿಹಾರದ ಪೂರ್ಣಿಯಾಕ್ಕೂ ಹೋಗಿತ್ತು. ಅಲ್ಲಿ ಮಾಡಿದುದಕ್ಕೂ ಬಿದರಿ ಎಂದೇ ಹೆಸರು. ಕಪ್ಪು ಬಣ್ಣ ಬಳಿದ ಅಗ್ಗದ ಸಾಮಾನನ್ನು ಬಿದರಿ ಎಂದು ಮಾರುವವರೂ ಇದ್ದಾರೆ. ಗಿರಾಕಿಗೆ ಎರಡೂ ಒಂದೇ ಕಾಣುತ್ತವೆ, ಒಂದೆರಡು ವರ್ಷ ಕಳೆಯುವವರೆಗೆ. "ಬಣ್ಣ ಹೋದ ಮ್ಯಾಲ ಅವರು ನನಗ ಬಂದು ಬೈತಾರ," ಎಂದರು, "ಮಾಡಿದವ ಎಲ್ಲಿ ಸಿಗ್ತಾನ?"

ನಾನು ನನ್ನ ಚೀಟಿಗಳನ್ನು ಒಮ್ಮೆ ನೋಡಿಕೊಂಡೆ. ಆಗಲೂ ನನಗೆ ಪೂರ್ತಿ ತಾಗಲಿಲ್ಲ.

ತಾಗಿದ್ದು ಸಂಜೆ ನಾಲ್ಕರ ಹೊತ್ತಿಗೆ. ಅರವತ್ತು ದಾಟಿದ ಹೆಂಗಸೊಬ್ಬರು ಬಂದರು. ಅವರ ಮಾತಿನ ರೀತಿಯಿಂದಲೇ ಶಾಲೆಯ ಅಕ್ಕೋರೆಂದು ಗೊತ್ತಾಗುತ್ತಿತ್ತು. ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ಮೆಚ್ಚಿಕೊಂಡು, "ನಮ್ಮ ತೌರು ಚಿಂಚೋಳಿ ಕಡಿ. ಇದು ಯಾವ ತಾಲೂಕಿನ ತೊಗರಿ ತಮ್ಮಾ?" ಎಂದು ಅಕ್ಕರೆಯಿಂದ ಕೇಳಿದರು. ತೌರಿನ ಬೇಳೆ ಸಿಕ್ಕಿತೆಂಬ ಸಂತೋಷ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ನಾನು ಅತ್ತ ಇತ್ತ ನೋಡಿ, "ಅದೇ ಕಡಿದು ರೀ" ಎಂದುಬಿಟ್ಟೆ.

ಹಿಂದೆ ಕುಳಿತು ತೂಕ ಮಾಡುತ್ತಿದ್ದ ಅವ್ವ ಎದ್ದು ಬಂದಳು. "ಇಲ್ರೀ ಅಕ್ಕೋರೇ, ನಮ್ಮ ಹೊಲದ್ದು. ಹಲಬರ್ಗಾ. ಭಾಲ್ಕಿ ತಾಲೂಕ."

ಅಕ್ಕೋರು ಚಸ್ಮ ಹಾಕಿಕೊಂಡು ಚೀಟಿಯನ್ನು ಮತ್ತೊಮ್ಮೆ ಓದಿದರು. ಸಾಸಿವೆಯಷ್ಟು ಸಣ್ಣ ಅಕ್ಷರವೂ ಅವರಿಗೆ ಈಗ ಕಂಡಿತು. ಪ್ಯಾಕೆಟ್ಟನ್ನು ಮೊದಲಿದ್ದ ಜಾಗದಲ್ಲಿಯೇ, ಮೊದಲಿದ್ದ ಹಾಗೆಯೇ, ನೆಟ್ಟಗೆ ಇಟ್ಟರು. "ಬ್ಯಾಳಿ ಛಂದ ಅದ" ಎಂದರು. "ಚೀಟಿ ಯಾರು ಬರದಾರ?"

ಅವ್ವ ನನ್ನ ಹೆಸರು ಹೇಳಲಿಲ್ಲ. ಆದರೆ ಅವಳ ಕಣ್ಣು ನನ್ನ ಕಡೆಗೆ ತಿರುಗಿತು. ಅಕ್ಕೋರು ಬೇರೇನೂ ಹೇಳದೆ ಹೊರಟುಹೋದರು. ಬೈದಿದ್ದರೆ ಒಳ್ಳೆಯದಿತ್ತು. ಅವ್ವ ಆ ಬಳಿಕ ಬಂದ ಪ್ರತಿಯೊಬ್ಬ ಗಿರಾಕಿಗೂ ತಾನಾಗಿಯೇ "ಇದು ಹಲಬರ್ಗಾದ್ದು ರೀ" ಎಂದು ಹೇಳುತ್ತ ಮಾರಿದಳು. ಸಂಜೆಯವರೆಗೆ ಇನ್ನು ಆರು ಪ್ಯಾಕೆಟ್ಟು ಮಾತ್ರ ಹೋದವು.

ರೈಲಿನಲ್ಲಿ ಅವ್ವ ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ ನಡೆದುದನ್ನೆಲ್ಲ ಮುತ್ಯಾ ಕೇಳಿದ. ನಾನು ಸೋಲೊಪ್ಪಲು ಸಿದ್ಧನಿರಲಿಲ್ಲ. ನನ್ನ ಬಳಿ ಒಂದು ದೊಡ್ಡ ಅಸ್ತ್ರವಿತ್ತು, ಅದೂ ಮುತ್ಯಾ ತಾನೇ ಕೊಟ್ಟದ್ದು. ನಿಜಾಮರ ಕಾಲದಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬ ಸಂಗತಿ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಮುತ್ಯಾ ಅದನ್ನು ತನ್ನ ತಂದೆಯಿಂದ ಕೇಳಿದವನು. ನನಗೆ ಚಿಕ್ಕಂದಿನಿಂದ ನೂರು ಸಲ ಹೇಳಿದವನು.

"ಮುತ್ಯಾ, ಫಲಕದ ಮ್ಯಾಲ ಒಂದು, ಒಳಗ ಒಂದು, ಪಟ್ಟದ್ದೇವರೂ ಮಾಡಿದ್ರಲ್ಲ? ಒಳಗಿಂದು ಛಲೋ ಇದ್ದರ ಸಾಕು" ಎಂದೆ.

ಮುತ್ಯಾ ಹೊರಸಿನ ಮೇಲೆ ಎದ್ದು ಕುಳಿತ. ಬಹಳ ಹೊತ್ತು ಮಾತಾಡಲಿಲ್ಲ. ನಾನು ಗೆದ್ದೆನೆಂದೇ ತಿಳಿದೆ. ಆಮೇಲೆ ಹೇಳಿದ: "ಅವರು ಆ ಫಲಕ ಯಾರಿಗೆ ತೋರಿಸಿದ್ರು? ಬಾಗಿಲಿಗೆ ಬರೋ ಸರ್ಕಾರದವರಿಗೆ. ಒಳಗ ಕುಂತ ಹುಡುಗರಿಗೆ ಸುಳ್ಳು ಕಲಿಸಲಿಲ್ಲ. ನೀ ಯಾರಿಗೆ ತೋರಿಸಿದಿ? ಉಣ್ಣೋರಿಗೆ."

ಆ ರಾತ್ರಿ ನಾನು ಬೇಗ ಮಲಗಿದೆ. ನಿದ್ರೆ ಬಂದದ್ದು ತಡವಾಗಿ.

ಮಾರನೆಯ ವಾರ ಅಧ್ಯಾಪಕರಲ್ಲಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನಗಲಿಲ್ಲ. ಭೌಗೋಳಿಕ ಸೂಚಿಗಳ ಕಾಯಿದೆ 1999ರಲ್ಲಿಯೇ ಆಗಿ 2003ರಿಂದ ಜಾರಿಯಲ್ಲಿದೆ, ಗಿರಾಕಿ ತಪ್ಪು ತಿಳಿಯುವಂತೆ ನೋಂದಾಯಿತ ಹೆಸರನ್ನು "ಮಾದರಿಯ" ಎಂಬ ಬಾಲ ಹಚ್ಚಿ ಬಳಸಿದರೂ ತಪ್ಪೇ ಎಂದು ತಿಳಿಸಿ, "ಚುಕ್ಕೆಯನ್ನು ಬಿಟ್ಟು ಪಕ್ಕದ ಚುಕ್ಕೆಯ ಬಳೆ ಕದ್ದಿರಲ್ಲ" ಎಂದರು. ಅನಂತರ ಕಪಾಟಿನಿಂದ ಒಂದು ಪುಸ್ತಕ ತೆಗೆದು, ಪ್ಯಾಕೆಟ್ಟಿನ ಸರಕಿನ ಮೇಲೆ ಏನೇನು ಇರಬೇಕೆಂದು 2011ರ ನಿಯಮಗಳು ಹೇಳುತ್ತವೆಯೋ ಅದನ್ನು ಓದಿಸಿದರು. ತುಂಬಿದವರ ಹೆಸರು, ವಿಳಾಸ, ನಿವ್ವಳ ತೂಕ, ತುಂಬಿದ ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ಹೇಳಲು ಫೋನ್ ನಂಬರು. ಇವಲ್ಲದೆ ಆಹಾರ ಸುರಕ್ಷತೆಯ ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆ ಬೇರೆ. ನನ್ನ ಚೆಲುವಾದ ಚೀಟಿಯಲ್ಲಿ ಇವುಗಳಲ್ಲಿ ತೂಕ ಮತ್ತು ಬೆಲೆ ಬಿಟ್ಟು ಒಂದೂ ಇರಲಿಲ್ಲ. ವಿಳಾಸ ಹಾಕುವುದಾದರೂ ಹೇಗೆ? ವಿಳಾಸ ಹಾಕಿದರೆ ಮೊದಲಕ್ಷರದ ಗುಟ್ಟು ರಟ್ಟಾಗುತ್ತಿತ್ತು.

ಹಳೆಯ ಚೀಟಿಗಳು ನಾಲ್ಕುನೂರಕ್ಕೂ ಮಿಕ್ಕು ಉಳಿದಿದ್ದವು. ಅವ್ವ ಅವುಗಳನ್ನು ಸುಡಲು ಬಿಡಲಿಲ್ಲ. ಹಿಂಬದಿ ಖಾಲಿ ಇದೆಯಲ್ಲ! ಸಂಘದ ಲೆಕ್ಕವನ್ನು ಈಗ ಅವುಗಳ ಮೇಲೆಯೇ ಬರೆಯುತ್ತಾರೆ. ವಾರಕ್ಕೊಮ್ಮೆ ಲೆಕ್ಕ ಬರೆಯುವವನು ನಾನು. ಈ ಪ್ರಬಂಧದ ಮೊದಲ ಕರಡನ್ನೂ ಅವುಗಳ ಬೆನ್ನಿನ ಮೇಲೆ ಬರೆದಿದ್ದೇನೆ.

ಹೊಸ ಚೀಟಿಗೆ ಚಿತ್ರ ಬೇಕೆಂದಾಗ ಶರಭದಂಥದು ನನಗೆ ಹೊಳೆಯಲಿಲ್ಲ. ಕಾಲೇಜಿನಿಂದ ಬಂದು ರೈಲಿಳಿದಾಗ ಒಂದು ಸಂಜೆ ಎದುರಿಗೆ ಆ ಹಳದಿ ಫಲಕ ನಿಂತಿತ್ತು. ಅದನ್ನೇ ಬರೆದೆ: ಎರಡು ಕಂಬ, ಹಳದಿ ಹಲಗೆ, ಕಪ್ಪಕ್ಷರದಲ್ಲಿ ಹಲಬರ್ಗಾ. ಕೆಳಗೆ ಅವ್ವನ ಸಂಘದ ಹೆಸರು, ಓಣಿ, ತಾಲೂಕು, ತಿಂಗಳು. ದೂರಿಗೆ ಅವ್ವನ ಫೋನ್ ನಂಬರು. ಭಾಲ್ಕಿಯ ಅದೇ ಅಂಗಡಿಯಾತ ಅಚ್ಚು ಮಾಡಿಕೊಟ್ಟು, "ಇದು ಛಲೋ ಕಾಣಸ್ತದ" ಎಂದ. ದುಡ್ಡು ಮಾತ್ರ ಕಡಿಮೆ ಮಾಡಲಿಲ್ಲ.

ಬೇಳೆ ಮೊದಲಿನಂತೆ ಓಡಲಿಲ್ಲ. ಮೊದಲ ತಿಂಗಳು ಇಪ್ಪತ್ತೆರಡು ಕಿಲೋ; ಮರುತಿಂಗಳು ಹತ್ತೊಂಬತ್ತು. ಗುಲಬರ್ಗಾ ಒಂದು ಹಗಲಿನಲ್ಲಿ ಮಾರಿದ್ದನ್ನು ಮಾರಲು ಹಲಬರ್ಗಾಕ್ಕೆ ಎರಡು ತಿಂಗಳು ಬೇಕಾಯಿತು. ಬೀದರಿನ ಎರಡು ಕಿರಾಣಿ ಅಂಗಡಿಗಳವರು ಇಟ್ಟುಕೊಂಡಿದ್ದಾರೆ. ಅಲ್ಲಿ ಕೆಲವರು ಅದನ್ನು "ಟೇಶನ್ ಬ್ಯಾಳಿ" ಎಂದು ಕೇಳುತ್ತಾರಂತೆ. ನಾವು ಇಟ್ಟ ಹೆಸರು ಅದಲ್ಲ. ಆದರೂ ಆಯಿ "ಆನಿ ಸೊಂಡಿಲಿಂದು" ಎನ್ನುವುದು ನೆನಪಾಗಿ ನನಗೆ ಆ ರಾತ್ರಿ ಊಟ ತುಸು ಹೆಚ್ಚೇ ಸೇರಿತು.

ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ಎಂಟೂವರೆಗೆ ಅವ್ವನ ಫೋನು ಬಾರಿಸಿತು. ಗಂಡಸಿನ ಧ್ವನಿ: "ಹಲಬರ್ಗಾ ಬ್ಯಾಳಿದವರೇನ್ರೀ? ನಿಮ್ಮ ಬ್ಯಾಳ್ಯಾಗ ಕಲ್ಲು ಬಂದದ. ನಮ್ಮ ತಾಯಿ ಹಲ್ಲಿಗೆ ನೋವಾಗ್ಯದ." ಅವ್ವನ ಮುಖ ಸಣ್ಣಗಾಯಿತು. "ತಪ್ಪಾಯ್ತು ರೀ ಅಣ್ಣಾ. ಚೀಟಿ ಮ್ಯಾಲ ಯಾವ ತಿಂಗಳದ, ನೋಡ್ರಿ" ಎಂದಳು. ಅವರು ಓದಿ ಹೇಳಿದರು. ಆ ತಿಂಗಳಿನ ಹದಿನಾಲ್ಕು ಪ್ಯಾಕೆಟ್ಟು ಮನೆಯಲ್ಲಿ ಇನ್ನೂ ಉಳಿದಿದ್ದವು. ಅವ್ವ, ಚಿಗವ್ವ, ನಾನು ಮೂವರೂ ದೀಪದ ಕೆಳಗೆ ಮೊರ ಹಿಡಿದು ಕುಳಿತು ಹನ್ನೊಂದರವರೆಗೆ ಎಲ್ಲವನ್ನೂ ಒಡೆದು ಆರಿಸಿದೆವು.

ಬೆಳಗಿನ ರೈಲಿಗೆ ಹೊಸ ಪ್ಯಾಕೆಟ್ಟನ್ನು ಚೀಲದಲ್ಲಿಟ್ಟುಕೊಂಡು ನಾನು ಬೀದರಿಗೆ ಹೋದೆ. ಮನೆ ಹುಡುಕಿ ಬಾಗಿಲು ಬಡಿದಾಗ ಆ ಮಹನೀಯರಿಗೇ ಆಶ್ಚರ್ಯ. ಯಾರೂ ಬರುತ್ತಾರೆಂದು ಅವರು ಎಣಿಸಿರಲಿಲ್ಲ. ಕುಳ್ಳಿರಿಸಿ ಚಹಾ ಕೊಟ್ಟರು. ಅವರ ತಾಯಿ ಕಾಗದದಲ್ಲಿ ಕಟ್ಟಿಟ್ಟಿದ್ದ ಕಲ್ಲನ್ನು ನನ್ನ ಕೈಗೆ ಕೊಟ್ಟರು. ಹಲ್ಲು ಮುರಿದಿಲ್ಲವೆಂದು ತೋರಿಸಿದರು ಕೂಡ.

ಸಂಜೆ ಮನೆಗೆ ಬಂದು ಕಾಗದ ಬಿಚ್ಚಿ ಅವ್ವನಿಗೆ ತೋರಿಸಿದೆ. ಅವ್ವ ಅದನ್ನು ಹೆಬ್ಬೆರಳಲ್ಲಿ ಒತ್ತಿದಳು. ಅದು ಮೆಲ್ಲಗೆ ಪುಡಿಯಾಗಿ ಅವಳ ಅಂಗೈಯನ್ನೆಲ್ಲ ಕೆಂಪು ಮಾಡಿತು. ಕಲ್ಲಲ್ಲ, ಗಟ್ಟಿಯಾದ ಕೆಮ್ಮಣ್ಣಿನ ಹೆಂಟೆ.

"ಜರಡಿ ಬದಲಿಸಬೇಕು" ಎಂದು ಅವ್ವ ಕೈ ತೊಳೆಯಲು ಎದ್ದಳು.